ಫುಲ್ ಸೆಟ್ಟು

ಈ ವರ್ಷ ಮಾರಿದ್ದು ಮೂರು.
ಒಂದು ಹಾಲಿನ ಸೊಸೈಟಿಗೆ,
ಒಂದು ಪತ್ರ ಬರಹಗಾರ ರಂಗಶಾಮಯ್ಯನವರಿಗೆ,
ಮೂರನೆಯದು ವಾಪಸು ಬಂತು.
ಎದುರು ಕೂತರೆ ಹುಡುಗನಿಗೆ ಬೆನ್ನು ನೋವಂತೆ,
ಮಲಗಿಕೊಂಡು ನೋಡಲು ಆಗುವುದಿಲ್ಲವಂತೆ.

ಡೂಂಲೈಟ್ ಸರ್ಕಲ್ಲಿನಿಂದ ನಾಲ್ಕನೇ ಮಳಿಗೆ ನನ್ನದು.
ಬಾಗಿಲಲ್ಲಿ ನಿಂತರೆ ಮಧುಗಿರಿ ಬೆಟ್ಟ,
ಇಡೀ ಒಂದೇ ಕಲ್ಲು.
ಅದು ಎಲ್ಲಿಗೂ ಬರುವುದಿಲ್ಲ,
ಬೇಕಾದವರು ಹತ್ತಿರ ಹೋಗಬೇಕು.
ನಾನು ಮಾರುತ್ತಿದ್ದುದೂ ಅಂಥದ್ದನ್ನೇ.

ಎರಡು ಸಾವಿರದ ಆರರಲ್ಲಿ ಫುಲ್ ಸೆಟ್ಟು ಅಂದರೆ
ಮಾನಿಟರು, ಸಿಪಿಯು, ಕೀಬೋರ್ಡು, ಮೌಸು,
ಯುಪಿಎಸ್ಸು, ಎರಡು ಸ್ಪೀಕರು,
ಮೇಲೆ ಹೊದಿಸಲು ಪ್ಲಾಸ್ಟಿಕ್ ಕವರು ಪುಕ್ಕಟೆ.
ಮಾನಿಟರನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕೂತು
ಬಾಣಂತಿಯನ್ನು ಕರೆದೊಯ್ಯುವ ಹಾಗೆ,
ಉಬ್ಬು ಬಂದಲ್ಲೆಲ್ಲ ಡ್ರೈವರನ್ನು ಬೈಯುತ್ತ
ಮಿಡಿಗೇಶಿಗೆ, ಪುರವರಕ್ಕೆ, ಐಡಿಹಳ್ಳಿಗೆ.

ಮಿಡಿಗೇಶಿಯ ಮೇಷ್ಟರ ಮನೆಯಲ್ಲಿ
ಆರತಿ ತಟ್ಟೆ ಸಿದ್ಧವಾಗಿತ್ತು.
ಗಾಜಿಗೆ ಮಾತ್ರ ಕುಂಕುಮ ಬೇಡಿ ಅಂದೆ,
ಇಟ್ಟರು.
ಸ್ವಿಚ್ಚು ಹಾಕಿದಾಗ
ಹಸಿರು ಗುಡ್ಡ, ನೀಲಿ ಆಕಾಶ, ಬಿಡಿ ಮೋಡ.
‘ಇದ್ಯಾವೂರು ಸಾರ್?’ ಕೇಳಿತು ಕಂಬಕ್ಕೊರಗಿದ್ದ ಅಜ್ಜ.
ನನಗೇನು ಗೊತ್ತು.
ಊಟಿ, ಅಂದೆ.
ಎಲ್ಲರೂ ಒಂದು ಗಳಿಗೆ ಸುಮ್ಮನೆ ಊಟಿ ನೋಡಿದರು.

ಈಗ ಅಂಗೈಯಗಲದ ಗಾಜನ್ನು
ಗುಳ್ಳೆ ಏಳದ ಹಾಗೆ ಅಂಟಿಸುವುದು ನನ್ನ ಕಸುಬು.
ನೂರು ರೂಪಾಯಿ, ಚೌಕಾಸಿ ಮಾಡಿದರೆ ಎಪ್ಪತ್ತು.
ಫೋನು ನನ್ನ ಕೈಯಲ್ಲಿರುವ ಎರಡು ನಿಮಿಷ
ಅದರ ಒಡೆಯರ ಬೆರಳುಗಳು
ಕೌಂಟರಿನ ಮೇಲೆ ಏನೋ ತಡಕುತ್ತವೆ.
ಕೆಲವರು ಬೆಟ್ಟ ನೋಡುತ್ತಾರೆ,
ಇದು ಯಾವಾಗ ಬಂತು ಅನ್ನುವ ಹಾಗೆ.

ಹೋದ ಆಯುಧಪೂಜೆಗೆ ಫೋನನ್ನೂ ಸಾಲಿನಲ್ಲಿಟ್ಟೆ,
ಸ್ಕ್ರೂಡ್ರೈವರಿನ ಪಕ್ಕ, ಚೆಂಡುಹೂವಿಟ್ಟು.
ಮಂಗಳಾರತಿಗೆ ಮೊದಲೇ ಅದು ಗಡಗಡ ನಡುಗಿ
ಹೂವನ್ನು ಕೆಳಗೆ ಕೆಡವಿತು.
ಗಂಟೆ ಎಡಗೈಗೆ ದಾಟಿಸಿ ಹಲೋ ಅಂದೆ.

ಯಾರಾದರೂ ಕೇಳಿದರೆ ಹೇಳಲು ಒಂದು ಮಾತು ಇಟ್ಟುಕೊಂಡಿದ್ದೆ:
ಆಗ ಎದ್ದು ಬರುವುದು ಅಂತ ಒಂದಿತ್ತು.
ಕುರ್ಚಿ ಹಿಂದೆ ಸರಿಸಿ, ಸೊಂಟ ನೆಟ್ಟಗೆ ಮಾಡಿ,
ಕವರು ಹೊದಿಸಿ, ಅದನ್ನು ಅದರ ಪಾಡಿಗೆ ಬಿಟ್ಟು
ಊಟಕ್ಕೆ ಬರುವುದು.
ಅಂಗೈಯಿಂದ ಎದ್ದು ಎಲ್ಲಿಗೆ ಹೋಗುತ್ತೀರಿ?
ಒಳ್ಳೆಯ ಮಾತು. ಯಾರೂ ಕೇಳಲಿಲ್ಲ.

ನಿನ್ನೆ ಬಂದವಳು ಸಣ್ಣೀರಮ್ಮ.
ಹನ್ನೊಂದು ವರ್ಷ ಈ ಅಂಗಡಿ ಗುಡಿಸಿದವಳು,
ಕೀಲಿಗಳ ಸಂದಿಯ ಧೂಳನ್ನು
ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದವಳು.
ಮೊದಲ ದಿನವೇ ಹೇಳಿದ್ದೆ,
ಗುಂಡಿ ಒತ್ತಬೇಡ, ಕೆಡುತ್ತೆ.
ಒತ್ತಲಿಲ್ಲ.
ಹನ್ನೊಂದು ವರ್ಷ.

ಒಡೆದ ಗಾಜನ್ನು ನಾನು ಕೀಳುತ್ತಿರುವಾಗಲೇ
ಬಗ್ಗಿ, ಎಲೆಯಡಿಕೆ ಬಾಯಲ್ಲೇ, ಅದಕ್ಕೆ ಅಂದಳು:
‘ಪಾವಗಡದ ತಂಗಿಗೆ ಮಾಡು.’
ಮಾಡಿತು.
ನನ್ನ ಅಂಗೈಯಲ್ಲೇ ತಂಗಿ ಓ ಅಂದಳು.
ಅಕ್ಕತಂಗಿಯರು ಮೇಕೆಯ ಕಾಲುನೋವಿನ ಬಗ್ಗೆ ಮಾತಾಡಿ ಮುಗಿಸುವ ತನಕ
ನಾನು ಫೋನು ಹಿಡಿದು ನಿಂತೆ, ಸ್ಟ್ಯಾಂಡಿನ ಹಾಗೆ.

‘ಅಣ್ಣಾ, ಇದನ್ನ ಮುಟ್ಟಿದ್ರೆ ಕೆಡಲ್ವಾ?’
ಕೇಳಿದ್ದು ತಿಳಿಯಲಿಕ್ಕೋ, ಕುಟುಕಲಿಕ್ಕೋ.
ಹೊಸ ಗಾಜಿನ ಮೂಲೆಯಲ್ಲಿ ಒಂದು ಗುಳ್ಳೆ ಉಳಿದುಬಿಟ್ಟಿತು.

ವಾಪಸು ಬಂದ ಸೆಟ್ಟು ಅಲ್ಲೇ ಇತ್ತು.
ಕೀಬೋರ್ಡನ್ನು ಅವಳ ಕಡೆ ತಿರುಗಿಸಿದೆ.
ಒತ್ತು, ಅಂದೆ. ಯಾವುದಾದರೂ.
‘ಈಗ್ಯಾಕಣ್ಣಾ’ ಅಂದಳು,
ಸೆರಗಿನ ತುದಿಯಿಂದ ಅದರ ಧೂಳು ಒರೆಸುತ್ತ,
ಒಂದು ಗುಂಡಿಯೂ ಒತ್ತದ ಹಾಗೆ.