ಸುಮಾರು ಏಳು ಸಾವಿರ ಸುತ್ತು

ಹದಿನಾಲ್ಕು ಸಾವಿರ ಕೊಟ್ಟು ತಂದದ್ದು.
ರಸೀದಿ ಇದೆ, ಅದರ ಮೇಲೆ ಅಕ್ಷರ ಇಲ್ಲ;
ಬಿಸಿಲಿಗೆ ಬಿಳಿಚಿದ ಆ ಕಾಗದ
ಈಗ ಯಾರ ಸಾಕ್ಷಿಗೂ ಬರುವುದಿಲ್ಲ.

ಹನ್ನೊಂದು ವರ್ಷ ಆರ್ಕೆಸ್ಟ್ರಾ:
ಹರಿಹರ, ಜಗಳೂರು, ಮಲೇಬೆನ್ನೂರು,
ಗಣಪತಿ ಪೆಂಡಾಲು, ಮದುವೆ ರಿಸೆಪ್ಷನ್ನು,
ಒಮ್ಮೆ ಅಕ್ಕಿ ಗಿರಣಿಯ ಉದ್ಘಾಟನೆ.
ಅಲ್ಲಿ ತೌಡು ಕೂತು
ಮೂರನೇ ಬಿರಡೆ ಇವತ್ತಿಗೂ ಬಿಗಿ.

ಅಪ್ಪ ಹತ್ತಿ ಮಂಡಿಯಲ್ಲಿ ದರ ಹೇಳುವವನು.
ಅಂಡಿಗೆಯಿಂದ ಒಂದು ಚಿಟಿಕೆ ಕಿತ್ತು
ಎರಡು ಹೆಬ್ಬೆರಳ ನಡುವೆ ಎಳೆದು, ಎಳೆದು,
ಕೊನೆಗುಳಿದ ಎಳೆಯನ್ನು
ಕರಿ ಕೋಟಿನ ತೋಳಿನ ಮೇಲಿಟ್ಟು ನೋಡಿ
ಒಂದೇ ಮಾತು.
ಮಾರುವವನೂ ಕೊಳ್ಳುವವನೂ
ಇಬ್ಬರೂ ತುಸು ಮುಖ ಸಿಂಡರಿಸಿದರೆ
ಅದೇ ಸರಿಯಾದ ಬೆಲೆ ಅನ್ನುತ್ತಿದ್ದ;
ಒಬ್ಬನೇ ನಕ್ಕರೆ ತಕ್ಕಡಿ ನೋಡು.

ನಾನೂ ನೋಡಿದೆ, ರಾತ್ರಿ, ಹದಡಿ ರಸ್ತೆಯ ಅಂಗಡಿಯಲ್ಲಿ
ಷಟರ್ ಅರ್ಧ ಇಳಿಸಿ,
ಸುಟ್ಟ ಬೋರ್ ಮೋಟರುಗಳ ನಡುವೆ
ಗಿಟಾರನ್ನು ಅಂಗಾತ ಮಲಗಿಸಿ.
ಎರಡನೇ ಮೂರನೇ ಮೆಟ್ಟಿಲು ಸವೆದು ಹಳ್ಳ,
ಹನ್ನೆರಡರಾಚೆ ಹೊಸದರಂತೆ ಮಿಂಚು.
ನಾನು ಎಲ್ಲಿಯವರೆಗೆ ಹೋಗಿದ್ದೆ, ಎಲ್ಲಿ ಅಂಜಿದ್ದೆ,
ಓದಲು ಬರುವವರಿಗೆ ಅಲ್ಲೇ ಇದೆ.
ಬೆನ್ನಿಗೆ ಬೆಲ್ಟಿನ ಬಕಲ್ಲು ಗೀಚಿದ್ದು: ಐನೂರು ಕಳೆ.
ಕತ್ತು ಒಂದು ಕೂದಲಷ್ಟು ಬಾಗಿದ್ದು: ಸಾವಿರ.
(ದಾವಣಗೆರೆ ಏಪ್ರಿಲ್ಲಿಗೆ ಬಾಗದ್ದು ಯಾವುದು?)
ಬಿದ್ದ ಚಪ್ಪಾಳೆಗೆ ಸೊನ್ನೆ,
ಕಾಳಿನ ಜೊತೆ ಚೀಲವನ್ನು ತೂಗಬಾರದು.
ಒಂಬತ್ತು ಸಾವಿರ ಎಂದು ಬರೆದೆ.
ಅಳಿಸಿ, ಎಂಟೂವರೆ.

ಭಾನುವಾರ ಬಂದಳು ಬಾಷಾ ನಗರದ ರುಹೀನಾ,
ಪಾಲಿಟೆಕ್ನಿಕ್ಕಿನ ಎರಡನೇ ವರ್ಷ.
ಜೊತೆಗೆ ಅಣ್ಣ ಮುಬಾರಕ್, ಹಳೆ ಬೈಕ್ ವ್ಯಾಪಾರದವನು;
ಬೈಕ್ ನೋಡಿದಂತೆಯೇ ನೋಡಿದ:
ಕೂತು, ಎದ್ದು, ಒಂದು ಸುತ್ತು ಬಂದು, ಚ್ಚ್ ಅಂದು,
"ಎಷ್ಟು ಕೈ ಬದಲಾಗೈತ್ರಿ?"
ಒಂದೇ ಜೊತೆ, ಅಂದೆ, ಎರಡೂ ಇಲ್ಲೇ ಇವೆ.

ಅವಳು ಮಾತಾಡಲಿಲ್ಲ. ವೈರು ಚುಚ್ಚಿ
ಏನೂ ನುಡಿಸದೆ, ವಾಲ್ಯೂಮ್ ಪೂರ್ತಿ ತಿರುಗಿಸಿ,
ಗುಂಯ್ ಅನ್ನುವುದನ್ನಷ್ಟೇ ಕೇಳಿದಳು.
ಆಮೇಲೆ ಒಂದು ತಂತಿ.
ಮತ್ತೆ ಅದೇ ತಂತಿ.
ನಡುವಿನ ಪಿಕಪ್ಪಿನ ಮೇಲೆ ಉಗುರಿಟ್ಟು
"ಇದು ಕಂಪನೀದಲ್ಲ. ಯಾರು ಸುತ್ತಿದ್ದು?"

ಹೇಳದೆ ಇರಬಹುದಿತ್ತು.
ಚನ್ನಗಿರಿಯಲ್ಲಿ ಪೆಂಡಾಲು ಸೋರಿ ಅದು ಸತ್ತಿತು,
ಮೂರನೇ ದಿನಕ್ಕೆ ಮದುವೆ, ಅಡ್ವಾನ್ಸು ಆಗಲೇ ಖರ್ಚು.
ಗಡಿಯಾರದ ಸುರುಳಿಯ ತಂತಿ, ಕೂದಲಿಗಿಂತ ಸಣ್ಣ,
ಇದೇ ಮಷೀನಿನಲ್ಲಿ, ಕೈಯಲ್ಲೇ ತಿರುಗಿಸಿ
ಏಳು ಸಾವಿರದ ಇನ್ನೂರು ಸುತ್ತು.
ನಡುವೆ ಯಾರೋ ಮಿಕ್ಸಿ ತಂದರು, ಎಣಿಕೆ ತಪ್ಪಿತು.
ಆದ್ದರಿಂದ, ಸುಮಾರು.

ಮುಬಾರಕನ ಕಣ್ಣು ಬೆಳಗಿತು:
"ಒರಿಜಿನಲ್ ಅಲ್ಲ ಅಂದ್ರ ಎರಡು ಸಾವಿರ ಇಳಸ್ರಿ."
ನ್ಯಾಯ, ಅಂದೆ. ಮಂಡಿಯಲ್ಲೂ
ಬೆರಕೆ ಎಳೆಗೆ ಕಡಿತವಿತ್ತು.
ಆರೂವರೆ. ಅವನು ಸಿಂಡರಿಸಿದ, ನಾನೂ ಸಿಂಡರಿಸಿದೆ,
ಮುಳ್ಳು ನಡುವೆ ನಿಂತಿತು.

ಆದರೆ ಅವಳು ನಗುತ್ತಿದ್ದಳು,
ಚೀಲದ ಜಿಪ್ಪು ಎಳೆಯುತ್ತಾ:
"ನನ್ನ ಗೆಳತೀದು ಒಂದೈತಿ ಅಂಕಲ್, ಕಾಯಿಲ್ ಹೋಗೇತಿ.
ಹಿಂಗೇ ಸುತ್ತಿ ಕೊಡ್ತೀರಾ,
ಎಣಿಕಿ ತಪ್ಪಿಸಿ?
ಎಷ್ಟು ತಗೋತೀರಿ?"

ಅರ್ಧ ಎಚ್.ಪಿ. ಮೋಟರಿಗೆ ಏಳ್ನೂರು,
ಸೀಲಿಂಗ್ ಫ್ಯಾನಿಗೆ ಇನ್ನೂರೈವತ್ತು,
ಮಿಕ್ಸಿ ಬಿಚ್ಚಿ ನೋಡಿ ಹೇಳಲಾಗುವುದು.
ನನ್ನದೇ ಕೈಬರಹದ ಹಲಗೆ, ಗೋಡೆಯಲ್ಲಿ.
ಅವಳು ಅದನ್ನು ಮೇಲಿಂದ ಕೆಳಗೆ ಓದುತ್ತಾ ನಿಂತಳು.
ನಾನೂ ತಿರುಗಿ
ಮೊದಲ ಸಾಲಿನಿಂದ ಓದತೊಡಗಿದೆ.