ಎಂಟು ಬೈಟು

ಭೋಸರಿಯ ಎಸ್ ಬ್ಲಾಕಿನಾಗ ರಾತ್ರಿ ಪಾಳಿ.
ಬಾಜೂ ಶೆಡ್ಡಿನ ಪವರ್ ಪ್ರೆಸ್ಸು ಧಡ್ ಅಂದಾಗೊಮ್ಮೆ
ಟೇಬಲ್ ಮ್ಯಾಲಿನ ಸ್ಕ್ರೂಗಳು ಕೂದಲೆಳಿಯಷ್ಟು ಸರೀತಾವ.
ಹದಿನಾರು ಬಿಚ್ಚೀನಿ, ಹದಿನೈದು ಅವ.
ದಾಭಾಡೆ ಸಾಹೇಬರು ಮೂರನೇ ಸಲ ಕೇಳ್ತಾರ:
"ಝಾಲಂ ಕಾ, ಮಹಾನಂದಾತಾಈ?"
ನಾಹೀ, ಅಂತೀನಿ.

ತೊಂಬತ್ತಾರನೇ ಇಸವಿಯ ವರ್ಕ್‌ಸ್ಟೇಷನ್ನು.
ಮೈ ಮೊದಲು ಬೂದಿ ಬಣ್ಣ, ಈಗ ಹಳೇ ಹಲ್ಲಿನ ಹಳದಿ.
ಒಳಗ ಕುಕ್ಕರಿನ ಹಿಡಿಕಿ, ಸ್ಕೂಟರಿನ ಹೆಡ್‌ಲೈಟು,
ಬಾಗಿಲಾ ಹಾಕಿದ ಕಂಪನಿಗಳ ಗುಂಡಿ, ಮುಚ್ಚಳ,
ಎಲ್ಲಾ ಅಚ್ಚು ಗೆರಿ ಆಗಿ ಮಲಗ್ಯಾವ.
ಅವನ್ನ ಹೊತ್ತ ಡಿಸ್ಕು ಈಗ ಕರಕರ ಅಂತದ
ರೊಟ್ಟ್ಯಾಗ ಹರಳು ಸಿಕ್ಕಂಗ.

ಹೊಸಾದು ಅಂತ ತಂದದ್ದೂ ಹಳೇದ.
ಬುಧವಾರ ಜೂನಾ ಬಾಜಾರದಾಗ
ಹಿತ್ತಾಳಿ ಸಮೆ, ಮುಳ್ಳಿಲ್ಲದ ಗಡಿಯಾರ, ಎಡಗಾಲಿನ ಬೂಟುಗಳ ನಡುವ ಕುಂತಿತ್ತು.
ಮುನ್ನೂರೈವತ್ತಕ್ಕ ಕೊಟ್ಟ ನಿಸಾರ,
"ಚಾಲೂ ಹೈ ಆಪಾ, ಕಿವಿಗಿ ಹಚ್ಚಿ ಕೇಳ್ರಿ" ಅಂದ.
ಹಚ್ಚಿ ಕೇಳ್ದೆ.
ಕರೆಂಟಿಲ್ಲದ ಡಿಸ್ಕು ಏನು ಹೇಳೀತು?

ಎಂಬತ್ತು ಸೂಜಿಯ ಬಾಯಿಗೆ ಐವತ್ತು ಸೂಜಿಯ ಅಡಾಪ್ಟರು ಕಟ್ಟಿ ಹಚ್ಚಿದೆ.
ತಿರುಗ್ತು. ಕಂಟ್ರೋಲರು ತುಟಿ ಬಿಚ್ಚವಲ್ದು.
ಮೊದಲು ನಂಬರು ನೋಡಿದೆ: ಎರಡೂ ಡಿಸ್ಕು ಒಂದನೇ ನಂಬರು.
ಹಾಜರಿ ಕರದಾಗ ಇಬ್ರೂ "ಜೀ" ಅಂದ್ರ
ಮಾಸ್ತರು ಯಾರನ್ನ ಬರಕೋಬೇಕು?
ಅಕ್ಕಿಕಾಳಿನಷ್ಟು ಜಂಪರು,
ಚಿಮಟ್ಯಾಗ ಹಿಡದು ಎರಡಕ್ಕ ಚುಚ್ಚಿದೆ.

ಆಮ್ಯಾಲ ಕೇಬಲ್ಲಿನ ತುದಿ.
ಟರ್ಮಿನೇಟರ್ ಇಲ್ಲದ ತುದಿಯಿಂದ ಮಾತು ತಿರುಗಿ ಬರತದ, ಬಾವ್ಯಾಗ ಕೂಗಿದಂಗ.
ಮುಂದಿನ ಮಾತಿಗೆ ಹಿಂದಿನ ಮಾತು ಢಿಕ್ಕಿ.
ಅಕ್ಕಲಕೋಟ್ಯಾಗ ನಮ್ಮ ಆಯಿ
ದಾರದ ತುದಿಗಿ ಗಂಟು ಹಾಕದ ಹೊಲಿಗಿ ಕಂಡ್ರ ಬೈತಿದ್ಲು.
ಗಂಟು ಹಾಕಿದೆ.

ಈಗ ಪರದೆ ಮ್ಯಾಲ ಡಿಸ್ಕಿನ ಹೆಸರು ಬಂತು.
ಹೆಸರಷ್ಟ. ಅಳತಿ ಕೇಳಿದ್ರ ಸೊನ್ನಿ.
ಕೇಬಲ್ ಬದಲಿಸಿದೆ. ಸೊನ್ನಿ.
ಕಾರ್ಡು ಕಿತ್ತು, ಕಾಲುಗಳನ್ನ ರಬ್ಬರಿಲೆ ತಿಕ್ಕಿ, ಮತ್ತ ಕೂಡಿಸಿದೆ.
ಸೊನ್ನಿ.

ಒಂದೂವರಿಗೆ ಚಹಾ ತಂದ ಹುಡುಗ ಜತ್ತದಾಂವ.
"ಎರಡೂ ಚಲೋ ಇದ್ರ ಮತ್ತ ಜಗಳ ಯಾತಕ್ಕ, ಅಕ್ಕಾ?"

ಅವಾಗ ಲೇಬಲ್ಲಿನ ಮಸಿ ಉಜ್ಜಿ ಓದಿದೆ.
ಯಾವುದೋ ಬ್ಯಾಂಕಿನ ಕಪಾಟಿನಾಗ ದುಡದ ಜೀವ.
ನಮಗೆಲ್ಲಾ ಸೆಕ್ಟರಿಗೆ ಐನೂರಾ ಹನ್ನೆರಡು ಬೈಟು,
ಇದಕ್ಕ ಐನೂರಾ ಇಪ್ಪತ್ತು.
ಆ ಎಂಟು, ಬರದದ್ದು ಬರದಂಗ ಅದನೋ ಇಲ್ಲೋ ತಾಳೆ ನೋಡ್ಲಿಕ್ಕೆ;
ಪ್ರತಿ ಸಾಲಿನ ಕೊನಿಗೆ ಒಬ್ಬ ಸಾಕ್ಷಿದಾರನ ಸಹಿ.
ಈ ಮಷೀನು ಸಾಕ್ಷಿ ಕೇಳಿ ಬೆಳದದ್ದಲ್ಲ.
ಎಂಟು ಹೆಚ್ಚಿಗಿ ಕೊಟ್ರ ಒಂದೂ ಒಲ್ಲೆ ಅಂತದ.

ಜಗಳ ಅಲ್ಲಪಾ, ಅಂದೆ. ಅಳತಿ.

ಅಳಿಸಬೇಕು. ತಳದಿಂದ ಹೊಸಾ ಗೆರಿ ಹೊಡೀಬೇಕು.
ಎಂಟರಿನ ಮ್ಯಾಲ ಬೆರಳಿಟ್ಟು ಒಂದ್ ಗಳಿಗಿ ಕುಂತೆ:
ಯಾರ ಪೆನ್ಶನ್ನೋ, ಯಾರ ಬಾಕಿಯೋ
ಇನ್ನೂ ಇದ್ದೀತು ಇದರಾಗ, ಸಾಕ್ಷಿ ಸಮೇತ.
ಒತ್ತಿದೆ.

ಶೇಕಡಾ ನಾಲ್ಕು. ಶೇಕಡಾ ಒಂಬತ್ತು. ಧಡ್. ಶೇಕಡಾ ಒಂಬತ್ತು.

ಐದಕ್ಕ ಅಳತಿ ಬಂತು.
ಕುಕ್ಕರಿನ ಹಿಡಿಕಿ ಕರಕರ ಅಂತ ಈ ಕಡೆ ದಾಟ್ತು,
ಗುಂಡಿ ದಾಟಿದ್ವು, ಮುಚ್ಚಳ ದಾಟಿದ್ವು,
ಹೆಡ್‌ಲೈಟು ಅರ್ಧಕ್ಕ ಬಂದಾಗ
ಹಳೇ ಡಿಸ್ಕು ಸುಮ್ಮನಾತು.
ಮತ್ತ ಎಬ್ಬಿಸಿದೆ, ಏಳಲಿಲ್ಲ.

"ಆ ಸ್ಕೂಟರು ಈಗ ಯಾರ್ ಮಾಡ್ತಾರ, ಬಿಡು" ಅಂದ್ರು ದಾಭಾಡೆ ಸಾಹೇಬರು,
ಖುರ್ಚಿ ಎಳಕೊಂಡು ಅರ್ಧ ದೀಪದ ಮುಂದ ಕುಂತರು.
ಪಾಳಿ ಮುಗದ ಭೋಂಗಾ ಊದಿದ್ರೂ ಏಳಲಿಲ್ಲ.

ಆರಿದ ಚಹಾ ಎತ್ತಿ ಕುಡದೆ.
ಗ್ಲಾಸಿನ ತಳದಾಗ ಹದಿನಾರನೇ ಸ್ಕ್ರೂ.