ವಿಳಾಸ ಬದಲಾಗಿದೆ

ಸೆಬು ನಗರ, ಮೇಲ್ಮನವಿ ನ್ಯಾಯಾಲಯ, ನೆಲಮಹಡಿ.
ಇಪ್ಪತ್ತೆರಡು ವರ್ಷದಿಂದ ನನ್ನ ಕೈಯಲ್ಲೊಂದು ಮೊಹರು.
ಅದರ ತಾರೀಕಿನ ಚಕ್ರವನ್ನು ದಿನಾ ಬೆಳಿಗ್ಗೆ
ಒಂದು ಹಲ್ಲು ಮುಂದಕ್ಕೆ ತಿರುಗಿಸುತ್ತೇನೆ.
ಇಷ್ಟೇ ನನ್ನ ಅಧಿಕಾರ.

ಲಕೋಟೆ ವಾಪಸು ಬಂದಿತ್ತು
ಇಲೊಯಿಲೊದಿಂದ, ಹಡಗಿನಲ್ಲಿ, ಮೂಲೆ ಒದ್ದೆಯಾಗಿ.
ಅಂಚೆಯವನ ಷರಾ, ಪೆನ್ಸಿಲ್ಲಿನಲ್ಲಿ:
‘ವಕೀಲರಿಲ್ಲ. ಈಗ ಇಲ್ಲಿ ಹಲ್ಲಿನ ಡಾಕ್ಟರು.’

ವಕೀಲ ಮಗ್ಬಾನುವಾ ಕಚೇರಿ ಬದಲಿಸಿದ್ದರು.
ಗಾಜಿನ ಬಾಗಿಲು, ಗಾಜಿನ ಮೇಲೆ ಚಿನ್ನದಕ್ಷರ,
ಪಾದ್ರಿ ಬಂದು ತೀರ್ಥ ಚಿಮುಕಿಸಿ
ಇಡೀ ಹಂದಿ ಹುರಿದು ಹಂಚಿದ್ದರಂತೆ.
ಬೀಗರ ಊರಿಗೂ ಕಾರ್ಡು ಹೋಗಿತ್ತು.
ನಮಗೆ ಮಾತ್ರ ಒಂದು ಗೆರೆ ಬರೆಯಲಿಲ್ಲ.

ಕಡತದಲ್ಲಿರುವ ವಿಳಾಸಕ್ಕೆ ಹೋದದ್ದು
ಮುಟ್ಟಿದಂತೆಯೇ, ಅನ್ನುತ್ತದೆ ನಿಯಮ.
ಹಲ್ಲಿನ ಡಾಕ್ಟರಿಗೆ ಮುಟ್ಟಿದರೂ ಮುಟ್ಟಿದಂತೆಯೇ.
ನಲವತ್ತೈದು ದಿನ. ಗೋಡೆಯ ಕ್ಯಾಲೆಂಡರಿನ ಮೇಲೆ
ಭಾನುವಾರವನ್ನೂ ಬಿಡದೆ ನಾನೇ ಎಣಿಸಿದೆ.
ನಲವತ್ತಾರಕ್ಕೂ ಯಾರೂ ಬರಲಿಲ್ಲ.
ವಜಾ.

ಕಟ್ಟಿಡುವ ಮುನ್ನ ಓದಿದೆ. ಅದು ನನ್ನ ಕೆಲಸವಲ್ಲ.
ಮಿಯಾಗಾವ್ ಕಡಲಂಚಿನ ನಾಲ್ಕು ಉಪ್ಪಿನ ಪಾತಿ;
ಯೂಫ್ರೊಸಿನಾ ಗಲ್ಯಾಸಾ, ವಿಧವೆ, ಅರವತ್ತೊಂದು.
ಕೆಳಗಿನ ಕೋರ್ಟು ನಕ್ಷೆಯನ್ನು ತಲೆಕೆಳಗು ಹಿಡಿದು
ತೊರೆಯ ಬಡಗಣ ದಂಡೆಯನ್ನು ತೆಂಕಣ ಎಂದು ಬರೆದಿತ್ತು.
ಅಷ್ಟೇ. ಮಗುವೂ ಬೆರಳಿಟ್ಟು ತೋರಿಸಬಲ್ಲ ತಪ್ಪು.
ತೋರಿಸಬೇಕಾದ ಹಾಳೆ ಬರಲಿಲ್ಲ.
ಬಾರದ ಹಾಳೆಯನ್ನು ಮೂವರು ನ್ಯಾಯಮೂರ್ತಿಗಳು ಹೇಗೆ ಓದಿಯಾರು?

ಆಮೇಲೆ ಬಂದರು ವಕೀಲರು, ಬೆವರುತ್ತ:
ಕಾರ್ಯದರ್ಶಿ ಹೊಸಬಳು, ಅವಳಿಗೆ ದಿನ ತುಂಬಿತ್ತು,
ಸಾಮಾನು ಸಾಗಿಸುವಾಗ ಪೆಟ್ಟಿಗೆಯೊಂದು ಕಳೆಯಿತು...
ಆದೇಶ ಒಂದೂವರೆ ಪುಟ:
ವಕೀಲನ ಅಲಕ್ಷ್ಯ ಕಕ್ಷಿದಾರಳ ಅಲಕ್ಷ್ಯ.

ಉಪ್ಪು ತಿಂದವನು ನೀರು ಕುಡಿಯಬೇಕಂತೆ.
ಇಲ್ಲಿ ತಿಂದವರೊಬ್ಬರು;
ಕುಡಿಯಬೇಕಾದವಳು
ಜೀವಮಾನವೆಲ್ಲ ಉಪ್ಪು ಬೆಳೆದವಳು.

ರಾತ್ರಿ ಹಡಗಿನಲ್ಲಿ ಬಂದು ಕಿಟಕಿಯಾಚೆ ನಿಂತಳು.
‘ನನ್ನ ಮಾತಲ್ಲಿ ಯಾವುದು ಸುಳ್ಳಾಯಿತಮ್ಮ?’
ಯಾವುದೂ ಇಲ್ಲ ನಾನಾಯ್, ಯಾರೂ ಕೇಳಲೇ ಇಲ್ಲ,
ಎನ್ನಬೇಕಿತ್ತು.
‘ಗಡುವು ಮೀರಿತು’ ಅಂದೆ.
‘ಕಡಲಿಗೂ ಗಡುವಿದೆ’ ಅಂದಳು.
‘ಉಬ್ಬರ ಬರುವ ಮುಂಚೆ ಸದ್ದು ಮಾಡುತ್ತದೆ.’
ಕೈಚೀಲದಿಂದ ಹಣ ತೆಗೆದು ಎಣಿಸಿದಳು,
ಇನ್ನೇನಾದರೂ ಕಟ್ಟಬೇಕೇ ಎಂದು.

ಅವಳು ಹೋದ ಮೇಲೆ ಅಂತಿಮ ತೀರ್ಪಿನ ದಪ್ಪ ಪುಸ್ತಕದಲ್ಲಿ
ಅವಳ ಹೆಸರು ದಾಖಲಿಸಿ ಮೊಹರು ಒತ್ತಿದೆ.

ಅಂಚೆಯವನ ಷರಾ ಮೊದಲು ಓದಿದವಳು ನಾನು.
ಹಲ್ಲಿನ ಡಾಕ್ಟರು ಎಂದು ಓದಿ ನಕ್ಕು
ಪಕ್ಕದ ಮೇಜಿನ ಕ್ರಿಸ್ಪಿನಾಳಿಗೂ ತೋರಿಸಿ ನಗಿಸಿದ್ದೆ.
ಫೋನು ಮೊಣಕೈ ಹತ್ತಿರವೇ ಇತ್ತು.
ಫೋನು ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ.
ಹುಡುಕಿದ್ದೇನೆ, ಆಮೇಲೆ,
ಎರಡೆರಡು ಸಲ.